ಕವಳಿಯ ಗುರುತು

ಹೂವಿಗಾಗಿ ಬೆಳೆಸುವ ಗಿಡ ಒಂದು, ಹಣ್ಣಿಗಾಗಿ ಬೆಳೆಸುವ ಗಿಡ ಮತ್ತೊಂದು, ಬೇಲಿಗೆಂದು ನೆಡುವ ಗಿಡ ಇನ್ನೊಂದು. ನಮ್ಮ ಹಿತ್ತಿಲುಗಳಲ್ಲಿ ಈ ಬಗೆಯ ವಿಂಗಡಣೆ ಬಹಳ ಕಾಲದಿಂದ ನಡೆದುಬಂದಿದೆ. ಮಲ್ಲಿಗೆಯಿಂದ ಯಾರೂ ಹಣ್ಣನ್ನು ಬಯಸುವುದಿಲ್ಲ; ಸೀಬೆಯ ಹೂವನ್ನು ಯಾರೂ ಮುಡಿಯುವುದಿಲ್ಲ; ಕಳ್ಳಿಯ ಬೇಲಿಯಿಂದ ಇವೆರಡನ್ನೂ ನಿರೀಕ್ಷಿಸುವವರಿಲ್ಲ. ಆದರೆ ಈ ಮೂರು ಹೊಣೆಗಳನ್ನೂ ತಾನೊಂದೇ ಹೊತ್ತು, ಯಾರ ಉಪಚಾರವನ್ನೂ ಬೇಡದೆ, ಕಲ್ಲುನೆಲದಲ್ಲಿಯೂ ನಗುತ್ತ ಬಾಳುವ ಪೊದೆಯೊಂದು ನಮ್ಮ ನಾಡಿನಲ್ಲಿದೆ. ಅದೇ ಕವಳಿ.

ಹೆಸರು ಹೇಳಿದೊಡನೆ ಧಾರವಾಡ, ಉತ್ತರ ಕನ್ನಡಗಳ ವಾಚಕರಿಗೆ ನಾಲಗೆಯಲ್ಲಿ ನೀರೂರಬಹುದು. ಮಲೆನಾಡಿನವರು ಇದನ್ನು ಕೌಳಿ ಎನ್ನುತ್ತಾರೆ. ದಕ್ಷಿಣ ಕನ್ನಡದವರಿಗೆ ಇದು ಕರಂಡೆ. ಸಸ್ಯಗಳ ಹಳೆಯ ಪಟ್ಟಿಗಳಲ್ಲಿ ಹೆಗ್ಗರ್ಜಿಗೆ ಎಂಬ ಹೆಸರೂ ಕಾಣಸಿಗುತ್ತದೆ. ಆ ಹೆಸರಿನ ಮೊದಲಲ್ಲಿಯೇ ‘ಹಿರಿದು’ ಎಂಬ ಅರ್ಥ ಅಡಗಿದೆ. ಒಂದನ್ನು ದೊಡ್ಡದೆಂದು ಕರೆದವರು ಚಿಕ್ಕದನ್ನೂ ಕಂಡು, ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದವರೇ ಆಗಿರಬೇಕು. ಸಂಸ್ಕೃತದಲ್ಲಿ ಇದು ಕರಮರ್ದ, ಮರಾಠಿಯಲ್ಲಿ ಕರವಂದ, ಹಿಂದಿಯಲ್ಲಿ ಕರೌಂದ. ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನು 1563ರಲ್ಲಿ ಗೋವೆಯಲ್ಲಿ ಅಚ್ಚುಮಾಡಿಸಿದ ಸಂವಾದರೂಪದ ಗ್ರಂಥದಲ್ಲಿ ಏಲಕ್ಕಿಯೊಡನೆ ‘ಕರಂಡಾಸ್’ ಎಂಬ ಈ ಹಣ್ಣಿಗೂ ಸ್ಥಳವಿದೆ. 1767ರಲ್ಲಿ ಲಿನೇಯಸ್ ಮಹಾಶಯನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಕ್ಯಾರಿಸ ಕರಂಡಾಸ್ ಎಂದೇ ಕರೆದನು. ನಮ್ಮ ಕರಾವಳಿಯ ಮಕ್ಕಳು ಇಂದಿಗೂ ಹೇಳುವ ಮಾತಿನ ಬಂಧುವೊಂದು ಹೀಗೆ ಲ್ಯಾಟಿನ್ ವೇಷವನ್ನು ಧರಿಸಿ ಲೋಕದ ಎಲ್ಲ ಸಸ್ಯಾಲಯಗಳನ್ನೂ ಹೊಕ್ಕಿದೆ.

ಇಷ್ಟು ಹೆಸರುಗಳಿದ್ದೂ ಗಿಡವನ್ನು ಕಂಡಾಗ ಹೆಸರು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇದು ಬರಿಯ ಭಾವುಕತೆಯ ಮಾತಲ್ಲ. ಗುರುತು ತಪ್ಪಿದರೆ ಎರಡು ಬಗೆಯ ನಷ್ಟವುಂಟು. ವಿಷವನ್ನು ಹಣ್ಣೆಂದು ತಿಳಿಯುವುದು ಒಂದು. ಹಣ್ಣನ್ನು ವಿಷವೆಂದು ತಿಳಿದು ಬುಡಸಹಿತ ಕಡಿದುಹಾಕುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಅಂಜುತ್ತಾರೆ. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ಸಣ್ಣ ಊರೊಂದರ ಶಾಲೆಯ ಮುಖ್ಯೋಪಾಧ್ಯಾಯರು, ನಾನು ಸಸ್ಯಶಾಸ್ತ್ರದ ಪಾಠ ಹೇಳುವವನೆಂಬ ಕಾರಣದಿಂದ, ನನ್ನನ್ನು ಕರೆಸಿಕೊಂಡರು. ಶಾಲೆಯ ಅಂಗಳದ ಒಂದು ಪಾರ್ಶ್ವದಲ್ಲಿ ಆಳೆತ್ತರದ ಮುಳ್ಳುಬೇಲಿ ಹಬ್ಬಿತ್ತು. “ನೋಡಿ ಸಾರ್, ಎಲೆ ಮುರಿದರೆ ಹಾಲು ಬರುತ್ತದೆ. ಹುಡುಗರು ಕಾಯಿ ಕಿತ್ತು ತಿನ್ನುತ್ತಾರೆ. ನಾಳೆ ಏನಾದರೂ ಆದರೆ ಉತ್ತರ ಹೇಳಬೇಕಾದವನು ನಾನು. ಕಡಿಸಲು ಆಳುಗಳಿಗೆ ಹೇಳಿದ್ದೇನೆ, ಆದರೂ ತಾವೊಮ್ಮೆ ನೋಡಿದರೆ ಒಳ್ಳೆಯದು” ಎಂದರು. ಗೇಟಿನ ಕಡೆಯ ನಾಲ್ಕು ಮಾರು ಬೇಲಿ ಆಗಲೇ ನೆಲಕ್ಕುರುಳಿತ್ತು. ನಾನು ಎಲೆ, ಮುಳ್ಳು, ಕಾಯಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿರುವಾಗ ಬಿಸಿಯೂಟದ ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಂದು, “ಇದು ಕವಳಿ ಅಲ್ಲವೇನ್ರಿ? ನಮ್ಮ ಅವ್ವ ಇದರ ಉಪ್ಪಿನಕಾಯಿ ಹಾಕ್ತಿದ್ದಳು” ಎಂದರು. ಮುಖ್ಯೋಪಾಧ್ಯಾಯರು ಚಕಿತರಾಗಿ, “ಮೊದಲೇ ಏಕೆ ಹೇಳಲಿಲ್ಲವಮ್ಮಾ?” ಎಂದು ಕೇಳಿದರು. “ನನ್ನನ್ನು ಯಾರೂ ಕೇಳಲಿಲ್ಲವಲ್ರಿ” ಎಂಬುದು ಅವರ ಉತ್ತರ.

ಆ ತಾಯಿಯ ಮಾತು ಸರಿ. ಆದರೆ ಮುಖ್ಯೋಪಾಧ್ಯಾಯರ ಅಂಜಿಕೆಯೂ ನಿರಾಧಾರವಾದುದಲ್ಲ. ಏಕೆಂದರೆ ಕವಳಿ ಹುಟ್ಟಿದ ಮನೆತನವೇ ಅಂಥದು. ಕಣಗಿಲೆಯ ಕುಟುಂಬಕ್ಕೆ ಇದು ಸೇರಿದೆ. ಹಾಲು ಒಸರುವ, ಅಂದವಾದ ಹೂ ಬಿಡುವ, ಬಹುಮಟ್ಟಿಗೆ ವಿಷವನ್ನು ಒಡಲಲ್ಲಿಟ್ಟುಕೊಂಡ ಸಸ್ಯಗಳ ಬಳಗ ಅದು. ಕೆಂಪು ಕಣಗಿಲೆಯ ಎಲ್ಲ ಭಾಗಗಳೂ ವಿಷ. ಹಳದಿ ಕಣಗಿಲೆಯ ಬೀಜ ಪ್ರಾಣಾಂತಿಕ. ಅಂಥ ಮನೆಯಲ್ಲಿ ಹುಟ್ಟಿಯೂ ಮನುಷ್ಯನ ಊಟದೆಲೆಗೆ ಬಂದ ಕವಳಿಯನ್ನು ಅದರ ದಾಯಾದಿಗಳಿಂದ ಬೇರ್ಪಡಿಸಿ ಅರಿಯುವುದು ಹೇಗೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಐದು ಸಾಕ್ಷಿಗಳು

ಸಸ್ಯವನ್ನು ಗುರುತಿಸುವಾಗ ಒಂದೇ ಲಕ್ಷಣವನ್ನು ನೆಚ್ಚಿ ತೀರ್ಪು ಕೊಡುವುದು ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಮೊಕದ್ದಮೆಯನ್ನು ತೀರ್ಮಾನಿಸಿದಂತೆ. ಕವಳಿಯ ಮಟ್ಟಿಗೆ ಐದು ಸಾಕ್ಷಿಗಳನ್ನು ಕರೆಯಬೇಕು; ಐದೂ ಒಂದೇ ಮಾತು ಹೇಳಬೇಕು.

ಮೊದಲನೆಯದು ಹಾಲು. ಎಲೆಯನ್ನಾಗಲಿ ಎಳೆಯ ಕಾಯಿಯನ್ನಾಗಲಿ ಕಿತ್ತರೆ ಬಿಳಿಯ, ಅಂಟಾದ ಹಾಲು ತೊಟ್ಟಿಕ್ಕುತ್ತದೆ. ಹಳ್ಳಿಯ ಬೇಲಿಗಳಲ್ಲಿ ಕವಳಿಯೊಡನೆ ಬೆರೆತು ಬೆಳೆಯುವ ಕಾರೆ, ಬೋರೆಗಳಲ್ಲಿ ಹಾಲಿಲ್ಲ. ಮುಳ್ಳನ್ನು ಮಾತ್ರ ನೋಡಿ ಕಾರೆಯನ್ನು ಕವಳಿ ಎನ್ನುವವರಿಗೆ ಈ ಪರೀಕ್ಷೆಯೊಂದೇ ಸಾಕು.

ಎರಡನೆಯದು ಮುಳ್ಳು. ಇದೇ ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿ. ಕವಳಿಯ ಮುಳ್ಳುಗಳು ಕೊಂಬೆಯ ಗಿಣ್ಣುಗಳಲ್ಲಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಒಂದಂಗುಲ ಅಥವಾ ಅದಕ್ಕೂ ಮಿಕ್ಕಿ ಉದ್ದವಾಗಿರುತ್ತವೆ. ಕೆಲವು ನೇರವಾಗಿ ಸೂಜಿಯಂತೆ ನಿಂತರೆ ಕೆಲವು ತುದಿಯಲ್ಲಿ ಕವಲೊಡೆದಿರುತ್ತವೆ. ಗುಲಾಬಿಯ ಮುಳ್ಳು ತೊಗಟೆಗೆ ಅಂಟಿದ್ದು, ಹೆಬ್ಬೆರಳಿನಿಂದ ಒತ್ತಿದರೆ ಕಳಚಿ ಬೀಳುತ್ತದೆ. ಇದು ಹಾಗಲ್ಲ; ಕಟ್ಟಿಗೆಯಿಂದಲೇ ಮೂಡಿದ ಮುಳ್ಳು. ಹಾಲೂ ಮುಳ್ಳೂ ಒಟ್ಟಿಗೆ ಇವೆಯೆ ಎಂಬುದನ್ನು ನೋಡಬೇಕು. ಎರಡೂ ಬಗೆಯ ಕಣಗಿಲೆಗಳಲ್ಲಿ ಹಾಲುಂಟು, ಮುಳ್ಳಿಲ್ಲ.

ಈ ಮುಳ್ಳಿನ ಮಹತ್ತ್ವವನ್ನು ತೋರಿಸುವ ಇನ್ನೊಂದು ಗಿಡವಿದೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಬೆಳೆಯುವ ಅಕೊಕ್ಯಾಂತೆರ ಎಂಬ ಕುಲದ ಪೊದೆಗಳಿಗೆ ಕವಳಿಯಂತೆಯೇ ತೊಗಲಿನಂಥ ಎಲೆಗಳು, ಕಂಪುಳ್ಳ ಬಿಳಿ-ನಸುಗೆಂಪು ಹೂಗಳು, ಕಪ್ಪೇರುವ ಹಣ್ಣುಗಳು. ಅಲ್ಲಿನ ಬೇಟೆಗಾರರು ತಮ್ಮ ಬಾಣಗಳ ಮೊನೆಗೆ ಹಚ್ಚುತ್ತಿದ್ದ ವಿಷ ದೊರೆಯುತ್ತಿದ್ದುದು ಇದರಿಂದಲೇ. ಹಿಂದೆ ಸಸ್ಯವಿಜ್ಞಾನಿಗಳೇ ಇದರ ಒಂದು ಪ್ರಭೇದವನ್ನು ಕವಳಿಯ ಕುಲದಲ್ಲಿ ಸೇರಿಸಿ ಹೆಸರಿಟ್ಟಿದ್ದರೆಂದಮೇಲೆ ಹೋಲಿಕೆ ಎಷ್ಟಿರಬೇಕೆಂದು ಊಹಿಸಬಹುದು. ಬಿಸಿಲು ನಾಡುಗಳ ಅಲಂಕಾರದ ತೋಟಗಳಲ್ಲಿ ಇದನ್ನೂ ನೆಡುವುದುಂಟು. ಬರಿಗಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸವೊಂದೇ: ಅದಕ್ಕೆ ಮುಳ್ಳಿಲ್ಲ. ಆದುದರಿಂದ ಹಾಲುಳ್ಳ, ಮುಳ್ಳಿಲ್ಲದ, ಹೆಸರು ತಿಳಿಯದ ಪೊದೆಯ ಹಣ್ಣನ್ನು ಬಾಯಿಗಿಡಬಾರದು. ಕವಳಿಯ ಮುಳ್ಳು ಕೈಗೆ ಶತ್ರುವಾದರೂ ಹೊಟ್ಟೆಗೆ ಮಿತ್ರ.

ಮೂರನೆಯ ಸಾಕ್ಷಿ ಎಲೆ. ಒಂದರಿಂದ ಮೂರು ಅಂಗುಲ ಉದ್ದದ, ದಪ್ಪನೆಯ, ಮೇಲೆ ಹೊಳೆಯುವ ಕಡುಹಸುರಿನ ಎಲೆಗಳು ಎದುರುಬದುರಾಗಿ ಜೋಡಣೆಗೊಂಡಿರುತ್ತವೆ. ತುದಿ ಸಾಮಾನ್ಯವಾಗಿ ದುಂಡು. ಒಮ್ಮೊಮ್ಮೆ ನಡುವೆ ಸಣ್ಣ ಕಚ್ಚು. ಕೆಂಪು ಕಣಗಿಲೆಯ ಎಲೆಗಳು ನೀಳವಾಗಿದ್ದು ಮೂರುಮೂರಾಗಿ ಸುತ್ತಲೂ ಹುಟ್ಟುತ್ತವೆ. ಹಳದಿ ಕಣಗಿಲೆಯವು ಒಂದಾದಮೇಲೊಂದರಂತೆ ಸುರುಳಿಯಾಗಿ ಏರುತ್ತವೆ. ಬೋರೆಯ ಎಲೆಗಳು ಪರ್ಯಾಯವಾಗಿ ನಿಂತು, ಬುಡದಿಂದ ಮೂರು ನರಗಳನ್ನು ತೋರುತ್ತವೆ.

ನಾಲ್ಕನೆಯದು ಹೂ. ಕವಳಿಯ ಸೌಂದರ್ಯವೆಲ್ಲ ಇಲ್ಲಿದೆ. ಕೊಂಬೆಯ ತುದಿಗಳಲ್ಲಿ ಚಿಕ್ಕ ಗೊಂಚಲುಗಳಾಗಿ, ಬಿಳಿಯದಾಗಿ ಅಥವಾ ನಸುಗೆಂಪಿನ ಛಾಯೆಯಿಂದ, ಮುಕ್ಕಾಲು ಅಂಗುಲದಷ್ಟು ನಳಿಕೆಯ ಮೇಲೆ ಐದು ಕಿರುಎಸಳುಗಳು ಹರಡಿ ನಿಲ್ಲುತ್ತವೆ. ಮೊಗ್ಗನ್ನು ನೋಡಿದರೆ ಎಸಳುಗಳು ಒಂದರ ಮೇಲೊಂದು ಹೊರಳಿ ತಿರುಚಿಕೊಂಡಿರುವುದು ತಿಳಿಯುತ್ತದೆ. ಕಂಪು ಮಲ್ಲಿಗೆಯನ್ನು ನೆನಪಿಗೆ ತರುತ್ತದೆ. ಸಂಜೆಯ ತಂಪಿನಲ್ಲಿ ನನ್ನ ಮೂಗಿಗೆ ಅದು ಇನ್ನಷ್ಟು ಗಾಢವಾಗಿ ತೋರಿದೆ. ಮಲ್ಲಿಗೆಯೆಂದೇ ಭ್ರಮೆಪಟ್ಟ ವಿದ್ಯಾರ್ಥಿಗಳಿಗೆ ನಾನು ಹೂವಿನ ನಳಿಕೆಯನ್ನು ಸೀಳಿ ನೋಡಲು ಹೇಳುವುದುಂಟು. ಮಲ್ಲಿಗೆಯಲ್ಲಿ ಕೇಸರಗಳು ಎರಡೇ, ಕವಳಿಯಲ್ಲಿ ಐದು. ವಾಸನೆ ಮೋಸಮಾಡಬಹುದು, ಎಣಿಕೆ ಮಾಡದು.

ಕೊನೆಯದು ಹಣ್ಣು. ಮೊದಲು ಹಸುರು, ಆಮೇಲೆ ತಳಿಗೆ ತಕ್ಕಂತೆ ಬಿಳುಪಿನ ಮೇಲೆ ಗುಲಾಬಿ ಬಣ್ಣ ಎರಚಿದಂತೆ ಅಥವಾ ಇಡಿಯಾಗಿ ಕೆಂಪು, ಪೂರ್ಣ ಮಾಗಿದಾಗ ನೇರಿಳೆಗಪ್ಪು. ಅರ್ಧದಿಂದ ಒಂದಂಗುಲದ ಗಾತ್ರ. ಒಡೆದರೆ ಕೆಂಪು ರಸ. ಒಳಗೆ ಎರಡರಿಂದ ಎಂಟರವರೆಗೆ ಚಪ್ಪಟೆಯಾದ ಕಂದು ಬೀಜಗಳು. ಹಳದಿ ಕಣಗಿಲೆಯ ಕಾಯಿಯಾದರೋ ಏಣುಗಳುಳ್ಳದ್ದು, ಒಳಗೆ ಗಟ್ಟಿಯಾದ ದೊಡ್ಡ ಓಟೆ. ಮರಾಠಿ ನಾಡಿನ ಮಕ್ಕಳು ಕರವಂದವನ್ನು ಕಚ್ಚುವ ಮುನ್ನ ‘ಹುಂಜವೋ ಹೇಂಟೆಯೋ’ ಎಂದು ಪಂದ್ಯ ಕಟ್ಟುತ್ತಾರೆ. ಒಳಗಿನ ತಿರುಳು ಕೆಂಪಾಗಿದ್ದರೆ ಹುಂಜ, ಬಿಳಿಚಿದ್ದರೆ ಹೇಂಟೆ. ಹಣ್ಣನ್ನು ಬಾಯಿಗೆ ಹಾಕುವ ಮುನ್ನ ಒಡೆದು ನೋಡುವ ಒಳ್ಳೆಯ ಅಭ್ಯಾಸವನ್ನು ಆಟವೇ ಕಲಿಸಿದೆ.

ಕವಳಿಯ ಒಡಹುಟ್ಟಿದವರು

ಐದು ಸಾಕ್ಷಿಗಳೂ ಒಪ್ಪಿದಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಯಾವ ಕವಳಿ? ಗುಡ್ಡಗಾಡುಗಳಲ್ಲಿ ತಾನಾಗಿ ಬೆಳೆಯುವ ಕಿರುಹಣ್ಣಿನ ಕಾಡುಕವಳಿಯನ್ನು ಸಸ್ಯವಿಜ್ಞಾನಿಗಳು ಒಮ್ಮೆ ಹಲವು ಪ್ರಭೇದಗಳಾಗಿ ಒಡೆದರು. ಮುಂದೆ ಅವುಗಳಲ್ಲಿ ಬಹುಪಾಲನ್ನು ಕ್ಯಾರಿಸ ಸ್ಪೈನೇರಂ ಎಂಬ ಒಂದೇ ಹೆಸರಿನಡಿ ಕೂಡಿಸಿದರು. ರುಚಿಗೆ ಈ ವಿವಾದದಿಂದ ಬಾಧಕವಿಲ್ಲ.

ಪಟ್ಟಣದ ಸಸಿ ಮಾರುವ ಅಂಗಡಿಗಳಲ್ಲಿ ಬರಿಯ ‘ಕ್ಯಾರಿಸ’ ಎಂಬ ಚೀಟಿ ಹೊತ್ತು ಕುಳಿತಿರುವುದು ಹಲವು ವೇಳೆ ದಕ್ಷಿಣ ಆಫ್ರಿಕದ ನೆಟಾಲ್ ಪ್ಲಮ್. ಅದರ ಹೂ ಕವಳಿಯದಕ್ಕಿಂತ ಬಹಳ ದೊಡ್ಡದು, ಎರಡಂಗುಲದವರೆಗೂ ಅಗಲ. ಮುಳ್ಳು ಸ್ಪಷ್ಟವಾಗಿ ಕವಲೊಡೆದದ್ದು. ಹಣ್ಣು ಮಾಗಿದರೂ ಕಪ್ಪಾಗದೆ ಕಡುಗೆಂಪಾಗಿಯೇ ಉಳಿದು ಎರಡಂಗುಲಕ್ಕೂ ಮೀರಿ ಬೆಳೆಯಬಲ್ಲದು. ಎಸಳುಗಳ ಹೊರಳುವಿಕೆಯಲ್ಲಿಯೂ ಇವೆರಡಕ್ಕೆ ಭೇದವುಂಟು. ಕವಳಿಯ ಎಸಳುಗಳು ಬಲಕ್ಕೆ ಹೊರಳಿದರೆ ನೆಟಾಲಿನವು ಎಡಕ್ಕೆ. ಅದರ ಮಾಗಿದ ಹಣ್ಣೂ ತಿನ್ನತಕ್ಕದ್ದೇ. ಆದರೆ ನಮ್ಮ ಉಪ್ಪಿನಕಾಯಿಯ ಭರಣಿಗೆ ಬೇಕಾದ ಹುಳಿ, ಒಗರು, ಸೊಗಡುಗಳನ್ನು ಬಯಸುವವರು ಕವಳಿಯನ್ನೇ ಕೇಳಿ ತರಬೇಕು.

ನೆಡುವ ಬಗೆ

ಕವಳಿಗೆ ಬೇಕಾದುದು ಬಿಸಿಲು. ಬೇಡವಾದುದು ನಿಂತ ನೀರು. ಇವೆರಡನ್ನು ನೆನಪಿಟ್ಟರೆ ಉಳಿದುದೆಲ್ಲ ಸುಲಭ. ಜಂಬಿಟ್ಟಿಗೆಯ ನೆಲ, ಕಲ್ಲುನೆಲ, ತುಸು ಚೌಳು ನೆಲ, ಎಲ್ಲವನ್ನೂ ಇದು ಸಹಿಸುತ್ತದೆ. ಎರಡು ಬೇಸಗೆ ನೀರುಣಿಸಿ ಕಾಪಾಡಿದರೆ ಆಮೇಲೆ ತನ್ನ ಪಾಡನ್ನು ತಾನೇ ನೋಡಿಕೊಳ್ಳುತ್ತದೆ.

ಬೀಜದಿಂದ ಬೆಳೆಸುವವರು ಚೆನ್ನಾಗಿ ಮಾಗಿದ ಹಣ್ಣನ್ನು ಆರಿಸಿ, ಬೀಜವನ್ನು ತಿರುಳಿನಿಂದ ತೊಳೆದು ಬಿಡಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಡಬ್ಬಿಯಲ್ಲಿಟ್ಟು ಬರುವ ವರ್ಷಕ್ಕೆ ಬಿತ್ತೋಣವೆಂದರೆ ಮೊಳೆಯುವ ಶಕ್ತಿ ಕುಂದಿಹೋಗಿರುತ್ತದೆ. ಮರಳು, ಮಣ್ಣು, ಹಳೆಯ ಗೊಬ್ಬರಗಳನ್ನು ಸಮಭಾಗ ಬೆರೆಸಿದ ಮಡಿ ಸಾಕು. ಎಳೆಯ ಸಸಿ ನಿಧಾನದ್ದು. ಮೊದಲ ವರ್ಷ ಅದರ ಬೆಳವಣಿಗೆಯನ್ನು ಕಂಡು ಧೃತಿಗೆಡಬಾರದು. ಒಂದು ವರ್ಷ ಮಡಿಯಲ್ಲಿ ಬಲಿತ ಸಸಿಯನ್ನು ಮರುವರ್ಷದ ಮುಂಗಾರಿನಲ್ಲಿ ನೆಟ್ಟರೆ ಬೇರು ಬೇಗ ಹಿಡಿಯುತ್ತದೆ. ಬೇಲಿಗಾದರೆ ಎರಡು ಮೂರು ಅಡಿಗೊಂದು. ಹಣ್ಣಿಗಾಗಿ ಬಿಡಿಯಾಗಿ ಬೆಳೆಸುವುದಾದರೆ ಎಂಟು ಹತ್ತು ಅಡಿಗೊಂದು. ಬಿಡಿಗಿಡ ಹತ್ತರಿಂದ ಹದಿನೈದು ಅಡಿಯವರೆಗೂ ಏರಬಲ್ಲದು. ಸಾಮಾನ್ಯವಾಗಿ ಮೂರನೆಯ ವರ್ಷದಿಂದ ಕಾಯಿ ಕಾಣಿಸಿಕೊಳ್ಳುತ್ತದೆ.

ಬೀಜದ ಗಿಡಗಳಲ್ಲಿ ತಾಯಿಯ ಗುಣ ಬಂದೇ ಬರುವುದೆಂದು ಹೇಳಲಾಗದು. ಮೆಚ್ಚಿದ ಗಿಡದ ಮರಿಯೇ ಬೇಕೆನ್ನುವವರಿಗೆ ಗೂಟಿ ಕಟ್ಟುವುದೇ ದಾರಿ. ಮಳೆಗಾಲದಲ್ಲಿ ಸೀಸದ ಕಡ್ಡಿಯಷ್ಟು ದಪ್ಪದ ಕೊಂಬೆಯಲ್ಲಿ ಒಂದಂಗುಲ ತೊಗಟೆಯನ್ನು ಬಳೆಯಂತೆ ತೆಗೆದು, ಹಾಲು ಸೋರಿ ನಿಂತ ಮೇಲೆ ಒರೆಸಿ, ಒದ್ದೆ ಹಾವಸೆಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಬೇಕು. ಬೇರು ಕಂಡಮೇಲೆ ಕತ್ತರಿಸಿ ಕುಂಡಕ್ಕೆ ಇಳಿಸಬೇಕು. ಬರಿಯ ಕಡ್ಡಿಗಳನ್ನು ಊರಿದರೆ ಚಿಗುರುವುದು ಅಪರೂಪ. ಸಂಶೋಧಕರು ಆಯ್ದುಕೊಟ್ಟ ತಳಿಗಳೂ ಉಂಟು. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಎಂಬ ಮೂರು, ದಾಪೋಲಿಯ ಕೃಷಿ ವಿದ್ಯಾಪೀಠದ ಕೊಂಕಣ್ ಬೋಲ್ಡ್ ಎಂಬುದೊಂದು ಹೆಸರಾದವು.

ಕವಳಿಯ ಬೇಲಿಯನ್ನು ಬೆಳೆಸಿದವರಲ್ಲಿ ಅನೇಕರು ನನ್ನೆದುರು ಒಂದೇ ದೂರನ್ನು ಹೇಳಿದ್ದಾರೆ: “ಗಿಡ ಸೊಂಪಾಗಿದೆ, ಆದರೆ ಹೂವೂ ಇಲ್ಲ, ಹಣ್ಣೂ ಇಲ್ಲ.” ಹೋಗಿ ನೋಡಿದರೆ ಬೇಲಿ ಗೋಡೆಯಂತೆ ಸಪಾಟಾಗಿ ಕತ್ತರಿಸಿ ನಿಂತಿರುತ್ತದೆ. ಕವಳಿ ಹೂ ಬಿಡುವುದು ಕೊಂಬೆಗಳ ತುದಿಯಲ್ಲಿ. ಬೇಲಿ ಅಂದವಾಗಿರಲೆಂದು ತಿಂಗಳಿಗೊಮ್ಮೆ ಕತ್ತರಿಯಾಡಿಸುವವನು ಅರಿಯದೆ ಬರುವ ವರ್ಷದ ಹಣ್ಣನ್ನೇ ಕತ್ತರಿಸಿ ಚೆಲ್ಲುತ್ತಾನೆ. ಹಣ್ಣು ಮುಗಿದ ಕೂಡಲೆ ಒಮ್ಮೆ ಸವರಿ, ಒಣಗಿದ ಕಡ್ಡಿಗಳನ್ನೂ ಅಡ್ಡಾದಿಡ್ಡಿ ಕೊಂಬೆಗಳನ್ನೂ ತೆಗೆದು, ಆಮೇಲೆ ಗಿಡವನ್ನು ಅದರ ಪಾಡಿಗೆ ಬಿಡಬೇಕು. ಮಳೆಯಲ್ಲಿ ಹೊರಟ ಚಿಗುರು ಚಳಿಗಾಲದಲ್ಲಿ ಬಲಿತು, ಬೇಸಗೆಯ ಹೊಸ್ತಿಲಲ್ಲಿ ಹೂ ಮುಡಿಯುತ್ತದೆ. ಒಪ್ಪವಾದ ಬೇಲಿ ಬೇಕೊ, ಹಣ್ಣಿನ ಬೇಲಿ ಬೇಕೊ ಎಂಬುದನ್ನು ಮೊದಲೇ ನಿಶ್ಚಯಿಸುವುದು ಮೇಲು.

ಹುಳಿಯ ಪರಿವಾರ

ಪಶ್ಚಿಮಘಟ್ಟದ ಸೆರಗಿನಲ್ಲಿ ಏಪ್ರಿಲ್-ಮೇ ತಿಂಗಳುಗಳು ಕವಳಿಯ ಸುಗ್ಗಿ. ಎಲೆಯ ದೊನ್ನೆಗಳಲ್ಲಿ ಕರಿಹಣ್ಣನ್ನು ತುಂಬಿ ರಸ್ತೆಯ ಬದಿಯಲ್ಲಿ ಕುಳಿತು ಮಾರುವ ಹೆಂಗಸರಿಗೆ ಇದು ಒಂದೆರಡು ತಿಂಗಳ ಕೈಗಾಸು. ಚರಕಸಂಹಿತೆಯಲ್ಲಿ ಹೃದ್ಯವೆಂದು, ಅಂದರೆ ಹೃದಯಕ್ಕೆ ಹಿತವೆಂದು, ಎಣಿಸಿದ ಹತ್ತು ದ್ರವ್ಯಗಳ ಗುಂಪಿನಲ್ಲಿ ಮಾವು, ಅಮಟೆ, ದಾಳಿಂಬೆ, ಮಾದಲಗಳ ಪಕ್ಕದಲ್ಲಿ ಕರಮರ್ದವೂ ಇದೆ. ಎಲ್ಲವೂ ಹುಳಿಯ ಪರಿವಾರವೇ. ಹೃದಯಕ್ಕೆ ಹಿತವಾದುದನ್ನು ಸಿಹಿಯಲ್ಲಿ ಹುಡುಕದೆ ಹುಳಿಯಲ್ಲಿ ಕಂಡ ಆ ಹಿರಿಯರ ನಾಲಗೆಯನ್ನು ನಾನು ಗೌರವಿಸುತ್ತೇನೆ.

ಎಳೆಯ ಕಾಯಿ ಉಪ್ಪಿನಕಾಯಿಗೂ ಗೊಜ್ಜಿಗೂ ಒದಗುತ್ತದೆ. ಹಾಲಿನ ಅಂಟು ತುಟಿಗೆ ಹತ್ತದಿರಲು ಕಾಯನ್ನು ಕೆಲಕಾಲ ಉಪ್ಪುನೀರಿನಲ್ಲಿ ನೆನೆಹಾಕಿ ತೊಳೆಯುವುದು ವಾಡಿಕೆ. ಅರೆಮಾಗಿದ ಕಾಯಿಯಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿ ಸೊಗಸಾಗಿ ಕಟ್ಟುತ್ತದೆ. ಎಲೆ ಬೇರುಗಳನ್ನು ಮನೆಮದ್ದೆಂದು ಪ್ರಯೋಗಿಸುವ ಸಾಹಸಕ್ಕೆ ಮಾತ್ರ ಯಾರೂ ಕೈಹಾಕಬಾರದು. ಈ ಮನೆತನದಲ್ಲಿ ಹಣ್ಣಿಗೆ ಕೊಟ್ಟ ನಂಬಿಕೆಯನ್ನು ಬೇರಿಗೆ ಕೊಡಲಾಗದು.

ಇನ್ನೊಂದು ಸ್ವಾರಸ್ಯ. ಬೇಕರಿಯ ಕೇಕಿನ ನೆತ್ತಿಯ ಮೇಲೆ ಕೆಂಪಗೆ ಹೊಳೆಯುವ ‘ಚೆರ್ರಿ’ ನಮ್ಮ ದೇಶದಲ್ಲಿ ಬಹಳ ಸಲ ಚೆರ್ರಿಯೇ ಅಲ್ಲ. ಬೀಜ ತೆಗೆದು, ಬಣ್ಣ ಕಟ್ಟಿ, ಸಕ್ಕರೆಪಾಕದಲ್ಲಿ ಅದ್ದಿದ ಕವಳಿ. ಬೇಲಿಯಲ್ಲಿ ಕಂಡರೆ ಹೆಸರು ತಿಳಿಯದೆ ಅಂಜುವ ಮಕ್ಕಳು ಇದನ್ನೇ ಪರದೇಶದ ಹೆಸರಿನಿಂದ ಆಸೆಪಟ್ಟು ತಿನ್ನುತ್ತಾರೆ.

ಹಣ್ಣು ಉಳಿಯಬೇಕಾದರೆ ಗಿಡ ಉಳಿಯಬೇಕು. ಗಿಡ ಉಳಿಯಬೇಕಾದರೆ ಅದನ್ನು ಹೆಸರಿಡಿದು ಕರೆಯಬಲ್ಲ ನಾಲ್ಕು ಜನ ಊರಿನಲ್ಲಿರಬೇಕು. ಮುಳ್ಳುತಂತಿಯ ಬೇಲಿ ಬೇಗ ನಿಲ್ಲುತ್ತದೆ, ಜಾಗವನ್ನೂ ಕಡಿಮೆ ಹಿಡಿಯುತ್ತದೆ. ಅದರ ಅನುಕೂಲವನ್ನು ಅಲ್ಲಗಳೆಯಲಾರೆ. ಆದರೆ ತಂತಿ ಹೂ ಬಿಡುವುದಿಲ್ಲ. ತುಕ್ಕು ಹಿಡಿದ ತಂತಿಯ ಗಾಯ ಕವಳಿಯ ಮುಳ್ಳಿನ ಗಾಯಕ್ಕಿಂತ ಕಡಿಮೆಯದೂ ಅಲ್ಲ. ಶಾಲೆಯ ಅಂಗಳದಲ್ಲಿ, ಊರ ಹೊರಗಿನ ತೋಟದಲ್ಲಿ, ಎರಡು ಗಿಡಕ್ಕೆ ಸ್ಥಳವಿರುವ ಯಾವ ಹಿತ್ತಿಲಲ್ಲಾದರೂ ಇದನ್ನು ನೆಡಬಹುದು. ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆ. ಬರುವ ಬೇಸಗೆಯಲ್ಲಿ ಕವಳಿಯ ಹಣ್ಣು ಕೈಗೆ ಬಂದರೆ ಬೀಜವನ್ನು ಉಗುಳದೆ ಇಟ್ಟುಕೊಳ್ಳಿ. ಮಳೆ ಬಿದ್ದೊಡನೆ ಮಕ್ಕಳ ಕೈಯಿಂದಲೇ ಬಿತ್ತಿಸಿ. ಸಸಿ ಎದ್ದಾಗ ಹಾಲು, ಮುಳ್ಳು, ಎಲೆಗಳನ್ನು ತೋರಿಸಿ. ಹೂವೂ ಹಣ್ಣೂ ಬರುವ ಹೊತ್ತಿಗೆ ಐದು ಸಾಕ್ಷಿಗಳೂ ಅವರಿಗೆ ಕಂಠಪಾಠವಾಗಿರುತ್ತವೆ. ಮತ್ತು ಮನೆಗೆ ಹೋಗಿ ಅಜ್ಜಿಯನ್ನು ಈ ಗಿಡಕ್ಕೆ ಏನೆನ್ನುತ್ತಾರೆಂದು ಕೇಳಿಬರುವಂತೆ ಹೇಳಿ. ನಾವು ಪುಸ್ತಕದಲ್ಲಿ ಹುಡುಕುವ ಹೆಸರು ಎಷ್ಟೋ ವೇಳೆ ಅಡುಗೆಮನೆಯಲ್ಲಿಯೇ ಇರುತ್ತದೆ, ಕೇಳುವವರಿಗಾಗಿ ಕಾದಿರುತ್ತದೆ.